ಹಸಿವು ಯಾರಿಗೂ ಹಾಡು ಕಲಿಸಿಲ್ಲ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹುಡುಗನೊಬ್ಬ ಕಾಲೇಜಿನ ವಾರ್ಷಿಕೋತ್ಸವದಲ್ಲೋ ಗಣಪತಿ ಪೆಂಡಾಲಿನಲ್ಲೋ ನಾಲ್ಕು ಜನ ತಲೆದೂಗುವಂತೆ ಹಾಡಿದನೆಂದರೆ ಅವನಿಗೆ ಎರಡು ಬುದ್ಧಿಮಾತು ಕಟ್ಟಿಟ್ಟದ್ದು. ಮೊದಲನೆಯದು, ‘ಇಲ್ಲೇ ಕೂತ್ಕೊಂಡು ಏನ್ ಮಾಡ್ತೀಯಾ, ಬೆಂಗ್ಳೂರಿಗೆ ಹೋಗು.’ ಹುಡುಗ ಹಿಂದೆಮುಂದೆ ನೋಡಿದರೆ ಎರಡನೆಯದು: ‘ಒಂದೆರಡು ವರ್ಷ ಉಪವಾಸ ವನವಾಸ ಇದ್ದದ್ದೇ ಕಣಪ್ಪ. ಭೀಮಸೇನ ಜೋಶಿ ಮನೆ ಬಿಟ್ಟು ಓಡಿಹೋಗ್ಲಿಲ್ವಾ?’ ದೂರ ಸುಮಾರು 200 ಕಿಲೋಮೀಟರು. ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವುದರೊಳಗೆ ಮೆಜೆಸ್ಟಿಕ್.

ಹೀಗೆ ಹೇಳುವವರು ಕೆಟ್ಟವರಲ್ಲ. ಹುಡುಗನ ಸೋದರಮಾವ ಇರುತ್ತಾನೆ, ಕಾಲೇಜಿನ ಮೇಷ್ಟ್ರು ಇರುತ್ತಾರೆ, ಸನ್ಮಾನ ಸಮಾರಂಭದ ಅಧ್ಯಕ್ಷರಿರುತ್ತಾರೆ. ಟೀವಿಯ ಹಾಡಿನ ಸ್ಪರ್ಧೆಗಳಂತೂ ಇದನ್ನೇ ವಾರವಾರ ಉಣಬಡಿಸುತ್ತವೆ. ಸ್ಪರ್ಧಿ ಹಾಡುವ ಮೊದಲು ಅವನ ಬಡತನದ ಚಿತ್ರಣ, ಹಿನ್ನೆಲೆಗೆ ಪಿಟೀಲು, ತಾಯಿಯ ಕಣ್ಣೀರು. ಇವೆಲ್ಲ ಸೇರಿ ಒಂದು ಸಿದ್ಧಾಂತವೇ ಆಗಿಬಿಟ್ಟಿದೆ. ದೊಡ್ಡ ಊರಿಗೆ ಹೋಗಬೇಕು, ಅಲ್ಲಿ ಹಸಿಯಬೇಕು, ತಾಳಿಕೊಂಡವನು ಗೆಲ್ಲುತ್ತಾನೆ. ಇದು ಸುಳ್ಳು. ಕನ್ನಡ ನಾಡಿನ ಸಂಗೀತದ ಚರಿತ್ರೆಯನ್ನು ಎಲ್ಲಿ ಮುಟ್ಟಿ ನೋಡಿದರೂ ಸಿಕ್ಕಿಬೀಳುವ ಸುಳ್ಳು.

ಭೀಮಸೇನರ ಹೆಸರನ್ನು ಅವರೇ ಎತ್ತಿರುವುದರಿಂದ ಅಲ್ಲಿಂದಲೇ ಶುರು ಮಾಡಬಹುದು. 1922ರಲ್ಲಿ ಗದಗ ಸೀಮೆಯಲ್ಲಿ ಹುಟ್ಟಿದ ಹುಡುಗ, ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಹುಚ್ಚು ಹಿಡಿಸಿಕೊಂಡು 1933ರಲ್ಲಿ ಮನೆ ಬಿಟ್ಟದ್ದು ನಿಜ. ರೈಲಿನ ಡಬ್ಬಿಯಲ್ಲಿ ಹಾಡಿ ಹೊಟ್ಟೆ ಹೊರೆದದ್ದೂ ನಿಜ. ಪುಣೆ, ಗ್ವಾಲಿಯರ್, ಕಲ್ಕತ್ತ, ದಿಲ್ಲಿ, ರಾಂಪುರ, ಜಲಂಧರ್ ಎಂದು ಸುತ್ತಿದ ಆ ಅಲೆದಾಟ ಮೈನವಿರೇಳಿಸುವ ಕತೆ. ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಮುಂದಿನ ವಾಕ್ಯದಲ್ಲಿ 2008ರ ಭಾರತರತ್ನಕ್ಕೆ ಹಾರುತ್ತಾರೆ. ನಡುವೆ ಏನಾಯಿತು? ಜಲಂಧರದಲ್ಲಿ ಅವರಿಗೆ ವಿನಾಯಕರಾವ್ ಪಟವರ್ಧನರು ಕೊಟ್ಟ ಸಲಹೆ, ಊರಿಗೆ ಮರಳಿ ಸವಾಯಿ ಗಂಧರ್ವರ ಬಳಿ ಕಲಿ ಎಂಬುದು. ತಂದೆ ಹುಡುಕಿಕೊಂಡು ಹೋಗಿ ಕರೆತಂದರು. 1936ರಲ್ಲಿ ಹುಡುಗ ಕುಂದಗೋಳ ಸೇರಿದ. ಹುಬ್ಬಳ್ಳಿಯಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ, ಇವತ್ತಿಗೂ ಸಣ್ಣದೇ ಆದ ಊರು. ಗುರುವಿನ ಮನೆಗೆ ನೀರು ಹೊತ್ತು, ಗುರು ಹೇಳಿಕೊಟ್ಟದ್ದನ್ನು ತೀಡಿ ತೀಡಿ, 19ರ ವಯಸ್ಸಿಗೆ ಮೊದಲ ಕಛೇರಿ ಮಾಡಿದ. 1943ರಲ್ಲಿ ಮುಂಬೈಗೆ ಹೋದಾಗ ಅವರು ಫುಟ್‌ಪಾತಿಗೆ ಹೋಗಲಿಲ್ಲ, ರೇಡಿಯೊ ಕಲಾವಿದರಾಗಿ ಹೋದರು. ದೇಶವೆಲ್ಲ ಸುತ್ತಿ ಸಿಗದೇ ಇದ್ದದ್ದು ಕುಂದಗೋಳದ ಒಂದು ಮನೆಯಲ್ಲಿ ಸಿಕ್ಕಿತು. ಆಮೇಲೆ ದೊಡ್ಡ ಊರಿಗೆ ಹೋಗುವಾಗ ಅಲ್ಲೊಂದು ಕೆಲಸ ಇತ್ತು. ಓಡಿಹೋದ ಭಾಗವನ್ನೇ ಎತ್ತಿಹಿಡಿದು, ತಿರುಗಿ ಬಂದ ಭಾಗವನ್ನು ನುಂಗಿಕೊಳ್ಳುವುದು ಯಾವ ನ್ಯಾಯ?

ಅದೇ ಗುರುವಿನ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್ಲರದ್ದೂ ವಲಸೆಯ ಕತೆಯೇ. ಆದರೆ ಆ ವಲಸೆಯನ್ನು ಮಾಡಿದವರು ತಾಯಿ ಅಂಬಾಬಾಯಿ. ಮಗಳು ಹಿಂದೂಸ್ತಾನಿ ಕಲಿಯಲೆಂದು 1928ರಲ್ಲಿ ಸಂಸಾರವನ್ನೇ ಧಾರವಾಡದಿಂದ ಹುಬ್ಬಳ್ಳಿಗೆ ಸಾಗಿಸಿದರು. ಸ್ವತಃ ಕರ್ನಾಟಕ ಸಂಗೀತದ ಗಾಯಕಿಯಾಗಿದ್ದ ಆ ತಾಯಿ, ಮಗಳ ಕಲಿಕೆಗೆ ಅಡ್ಡಬಾರದಿರಲೆಂದು ತನ್ನ ಹಾಡನ್ನೇ ನಿಲ್ಲಿಸಿದರು. ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಪಾಠ ಮುಗಿಸಿ ಮನೆಗೆ ಮರಳುತ್ತಿದ್ದರು. ಮುಂಬೈಯಲ್ಲಿ ಕಛೇರಿಯಾಯಿತು, ಗ್ರಾಮಫೋನ್ ತಟ್ಟೆಗಳು ಬಂದವು, ದೇಶವೆಲ್ಲ ಹೆಸರಾಯಿತು. 2009ರಲ್ಲಿ ತೀರಿಕೊಳ್ಳುವ ತನಕ ಮನೆ ಮಾತ್ರ ಹುಬ್ಬಳ್ಳಿಯಲ್ಲೇ ಇತ್ತು. ಮಲ್ಲಿಕಾರ್ಜುನ ಮನ್ಸೂರರೂ ಮಂಜೀಖಾನರ ಶಿಷ್ಯವೃತ್ತಿಗೆ ಮುಂಬೈ ಹಿಡಿದರು, ಕಲಿತರು, ಧಾರವಾಡಕ್ಕೆ ವಾಪಸಾದರು. ಇವರು ಕಷ್ಟಪಡಲಿಲ್ಲವೇ? ಪಟ್ಟರು, ಬೇಕಾದಷ್ಟು. ಆದರೆ ಅವರನ್ನು ಗಾಯಕರನ್ನಾಗಿ ಮಾಡಿದ್ದು ಆ ಕಷ್ಟವಲ್ಲ. ಕಷ್ಟದ ನಡುವೆಯೂ ಪಾಠ ತಪ್ಪದಂತೆ ನೋಡಿಕೊಂಡ ತಾಯಿ, ಗುರು, ರೇಡಿಯೊ.

ಗದಗದ ವೀರೇಶ್ವರ ಪುಣ್ಯಾಶ್ರಮವಂತೂ ಹಸಿವಿನ ಸಿದ್ಧಾಂತಕ್ಕೆ ಕೊಟ್ಟ ನೇರ ಉತ್ತರ. ಪಂಚಾಕ್ಷರಿ ಗವಾಯಿಗಳು ಅಂಧ, ಅನಾಥ ಮಕ್ಕಳನ್ನು ಕೂರಿಸಿಕೊಂಡು ಮೊದಲು ಅನ್ನ ಹಾಕಿದರು, ಆಮೇಲೆ ಸ್ವರ ಹೇಳಿಕೊಟ್ಟರು. ಆ ಅನ್ನಕ್ಕಾಗಿ ನಾಟಕ ಕಂಪನಿ ಕಟ್ಟಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಪುಟ್ಟರಾಜ ಗವಾಯಿಗಳು ಹೊಣೆ ಹೊತ್ತು 2010ರವರೆಗೆ ನಡೆಸಿದರು. ಬಸವರಾಜ ರಾಜಗುರುಗಳಂಥ ಗಾಯಕರು ಆ ಪರಂಪರೆಯಿಂದ ಬಂದವರು. ಮಕ್ಕಳನ್ನು ಊರೂರಿನಿಂದ ಗದಗಿಗೆ ಎಳೆದದ್ದು ಆ ಊರಿನ ದೊಡ್ಡಸ್ತಿಕೆಯಲ್ಲ, ಅಲ್ಲಿನ ಪಂಕ್ತಿ.

ಚಿತ್ರದುರ್ಗದ್ದೇ ಉದಾಹರಣೆ ಬೇಕೆನ್ನುವವರಿಗೆ ತ.ರಾ.ಸು. ಅವರ ‘ಹಂಸಗೀತೆ’ ಇದೆ. ಹದಿನೆಂಟನೇ ಶತಮಾನದ ಗಾಯಕ ಭೈರವಿ ವೆಂಕಟಸುಬ್ಬಯ್ಯನನ್ನು ಕುರಿತ ಈ ಕಾದಂಬರಿ, ಕಲಾವಿದನೆಂದರೆ ಸಂಕಟದಲ್ಲಿ ಬೇಯುವವನು ಎಂಬ ಕಲ್ಪನೆಯನ್ನು ಕನ್ನಡಿಗರ ಮನಸ್ಸಿನಲ್ಲಿ ಊರಿಸಿದ ಪುಸ್ತಕಗಳಲ್ಲೊಂದು. ಕಾದಂಬರಿಯಾಗಿ ಅದರ ಬಗ್ಗೆ ತಕರಾರಿಲ್ಲ. ಆದರೆ ಅದು ಸಿನಿಮಾ ಆದ ಬಗೆಯನ್ನು ನೋಡಬೇಕು. 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಬಂತು. ಅದರಲ್ಲಿ ಮನ್ನಾ ಡೇ ಜೊತೆ ಹಾಡಿದವರು, ಅಷ್ಟರಲ್ಲಿ ಕಾಲೂರಿದ್ದ ಭೀಮಸೇನ ಜೋಶಿ. 1975ರಲ್ಲಿ ಜಿ.ವಿ. ಅಯ್ಯರ್ ಕನ್ನಡದಲ್ಲಿ ತೆಗೆದರು. ಸಂಗೀತ ಬಾಲಮುರಳೀಕೃಷ್ಣ ಮತ್ತು ಬಿ.ವಿ. ಕಾರಂತರದ್ದು; ಹಾಡಿದ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಬಂತು. ಈ ಅಯ್ಯರ್ ಮತ್ತು ಕಾರಂತ ಇಬ್ಬರೂ ಎಳೆಯ ವಯಸ್ಸಿನಲ್ಲಿ ಮನೆ ಬಿಟ್ಟವರೇ. ಸೇರಿದ್ದು ಎಲ್ಲಿಗೆ? ಗುಬ್ಬಿ ವೀರಣ್ಣನವರ ಕಂಪನಿಗೆ. ಅಲ್ಲಿ ಊಟವಿತ್ತು, ಕೆಲಸವಿತ್ತು, ಕಲಿಸುವವರಿದ್ದರು. ಬಂಟ್ವಾಳ ಕಡೆಯ ಮಂಚಿಯ ಹುಡುಗ ಕಾರಂತರನ್ನು ಬನಾರಸಿಗೆ ಓದಲು ಕಳಿಸಿದವರೂ ವೀರಣ್ಣನವರೇ. ಓಂಕಾರನಾಥ ಠಾಕೂರರಲ್ಲಿ ಅವರು ಸಂಗೀತ ಕಲಿತದ್ದು ಆಗ. ಕನ್ನಡ ರಂಗಸಂಗೀತದ ದಿಕ್ಕನ್ನೇ ಬದಲಿಸಿದವರ ಬನಾರಸ್ ಪಯಣದ ಹಿಂದೆ ಒಂದು ನಾಟಕ ಕಂಪನಿಯ ಗಲ್ಲಾಪೆಟ್ಟಿಗೆ ಇದೆ. ಸನ್ಮಾನದ ಭಾಷಣಗಳಲ್ಲಿ ಗಲ್ಲಾಪೆಟ್ಟಿಗೆಗೆ ಜಾಗವಿಲ್ಲ.

ದುರ್ಗದ ಚಂದ್ರವಳ್ಳಿಗೆ ವಿಹಾರ ಹೋಗುವವರು ಮಯೂರಶರ್ಮನ ಶಾಸನವನ್ನು ನೋಡಿರುತ್ತಾರೆ, ಕೆರೆಯ ವಿಚಾರ ಹೇಳುವ ಶಾಸನ. ಓದಲು ಕಂಚಿಗೆ ಹೋಗಿ, ಪಲ್ಲವರ ಕುದುರೆಯವನಿಂದ ಅವಮಾನಿತನಾಗಿ, ತಿರುಗಿ ಬಂದು ಕದಂಬ ರಾಜ್ಯ ಕಟ್ಟಿದ ಅವನ ಕತೆಯನ್ನು ತಾಳಗುಂದದ ಶಾಸನ ಹೇಳುತ್ತದೆ. ಅವನು ಗಾಯಕನಲ್ಲ, ಬಿಡಿ. ಆದರೂ ಒಂದನ್ನು ಗಮನಿಸಬಹುದು: ಅವನು ‘ಹೋಗಿ ನೋಡೋಣ, ಏನಾದ್ರೂ ಆಗುತ್ತೆ’ ಎಂದು ಕಂಚಿಗೆ ಹೊರಡಲಿಲ್ಲ. ಘಟಿಕೆಯೆಂಬ ವಿದ್ಯಾಸ್ಥಾನವೊಂದನ್ನು ಗೊತ್ತುಮಾಡಿಕೊಂಡು, ಅಜ್ಜನನ್ನು ಜೊತೆಗೆ ಕರೆದುಕೊಂಡು ಹೋದ.

ಈಗಿನ ಬೆಂಗಳೂರಿಗೆ ಬರೋಣ. ದುರ್ಗದ ಹುಡುಗನಿಗೆ ಅಲ್ಲಿ ಕಾದಿರುವುದು ಗುರುಮನೆಯೂ ಅಲ್ಲ, ಕಂಪನಿಯೂ ಅಲ್ಲ. ಮೊದಲು ಎದುರಾಗುವವನು ಮನೆ ಮಾಲೀಕ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸಾಗಿ ಕೇಳುವುದು ಆ ಊರಿನ ಹಳೆಯ ರೂಢಿ. ಅದಾಗದವನು ಪೀಜಿ ಸೇರುತ್ತಾನೆ. ಒಂದು ಕೋಣೆಗೆ ಮೂರೋ ನಾಲ್ಕೋ ಮಂಚ. ಬೆಳಿಗ್ಗೆ ಐದಕ್ಕೆ ಎದ್ದು ಸಾಧನೆ ಮಾಡಿದರೆ ಪಕ್ಕದ ಮಂಚದವನು ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿರುತ್ತಾನೆ. ಹಾಡಲೆಂದು ಬಂದವನಿಗೆ ಇಡೀ ಊರಿನಲ್ಲಿ ಗಂಟಲು ಬಿಡಲು ಒಂದು ಜಾಗವಿಲ್ಲ. ಊರಲ್ಲಿದ್ದಾಗ ಚಂದ್ರವಳ್ಳಿಯ ಕೆರೆ ಏರಿ ಇತ್ತು, ಕೋಟೆ ಇತ್ತು, ಯಾರೂ ಬೈಯುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಆರ್ಕೆಸ್ಟ್ರಾ. ಗಣೇಶನ ಹಬ್ಬದಿಂದ ನವೆಂಬರಿನ ರಾಜ್ಯೋತ್ಸವದ ತನಕ ಬಿಡುವಿಲ್ಲ, ಮದುವೆಯ ತಿಂಗಳುಗಳಲ್ಲಿ ರಿಸೆಪ್ಷನ್‌ಗಳು. ಆಷಾಢ ಬಂತೋ, ಧನುರ್ಮಾಸ ಬಂತೋ, ಫೋನು ಸುಮ್ಮನಾಗುತ್ತದೆ. ಮನೆ ಬಾಡಿಗೆಗೆ ಆಷಾಢವಿಲ್ಲ. ಹಾಡುವುದೋ, ಬೇರೆಯವರು ಹಾಡಿದ ಹಿಟ್ ಗೀತೆಗಳನ್ನು, ಅವರ ಹಾಗೆಯೇ. ಸಿನಿಮಾದ ಬಾಗಿಲು ತಟ್ಟಿದವನಿಗೆ ಸಿಗುವುದು ಟ್ರ್ಯಾಕ್ ಹಾಡುವ ಕೆಲಸ. ಹೊಸಬ ಹಾಡಿಕೊಟ್ಟ ಟ್ರ್ಯಾಕ್ ಕೇಳಿ ಹೆಸರಾಂತ ಗಾಯಕ ಬಂದು ಅದರ ಮೇಲೆ ಹಾಡುತ್ತಾನೆ. ಹೊಸಬನ ಧ್ವನಿ ಅಳಿಸಿಹೋಗುತ್ತದೆ. ಈ ಕೆಲಸದಿಂದ ಮೇಲೆ ಬಂದವರಿಲ್ಲವೆಂದಲ್ಲ. ಆದರೆ ಅದು ಕೂಲಿ ಕೆಲಸ, ಅದಕ್ಕೆ ತಪಸ್ಸೆಂಬ ದೊಡ್ಡ ಹೆಸರು ಬೇಡ. 2012ರ ಕೃತಿಸ್ವಾಮ್ಯ ತಿದ್ದುಪಡಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಧನದ ಹಕ್ಕನ್ನು ಗಟ್ಟಿ ಮಾಡಿಕೊಟ್ಟಿತು, ಗಾಯಕರೂ ತಮ್ಮದೊಂದು ಸಂಘ ಕಟ್ಟಿಕೊಂಡರು. ಅಳಿಸಿಹೋದ ಟ್ರ್ಯಾಕಿಗೆ ಯಾವ ರಾಯಧನ?

ಹೋಟೆಲು, ಪಬ್ಬುಗಳಲ್ಲಿ ಹಾಡುತ್ತೇನೆ ಎಂದುಕೊಂಡವರ ಪಾಡನ್ನೂ ಬೆಂಗಳೂರು ನೋಡಿದೆ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪರವಾನಗಿ ಕಡ್ಡಾಯ ಮಾಡಿದ್ದ 2005ರ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆ ವರ್ಷ ಪೊಲೀಸರು ಪರವಾನಗಿ ಕೇಳತೊಡಗಿದಾಗ ಇಂದಿರಾನಗರ, ಕೋರಮಂಗಲದ ಅನೇಕ ಕಡೆ ಹಾಡು ನಿಂತೇಹೋಯಿತು. ಎರಡು ವರ್ಷದ ನಂತರ ಕೋವಿಡ್ ಬಂತು. ಮದುವೆ, ಜಾತ್ರೆ, ಉತ್ಸವ ಎಲ್ಲ ಬಂದ್. ಆಗ ಎಷ್ಟೋ ಜನ ವಾದ್ಯದ ಪೆಟ್ಟಿಗೆ ಹೊತ್ತು ಬಂದ ದಾರಿಯಲ್ಲೇ ಊರಿಗೆ ಮರಳಿದರು. ಅವರನ್ನು ಯಾವ ವಾಹಿನಿಯೂ ಸಂದರ್ಶನಕ್ಕೆ ಕರೆಯುವುದಿಲ್ಲ. ಮೈಸೂರಿನ ವಿಜಯ್ ಪ್ರಕಾಶ್ ಮುಂಬೈಗೆ ಹೋಗಿ ಕಷ್ಟದ ದಿನಗಳನ್ನು ದಾಟಿ ದೇಶಕ್ಕೆಲ್ಲ ಗೊತ್ತಾದರು, ಆ ಕತೆ ಎಲ್ಲರ ಬಾಯಲ್ಲೂ ಇದೆ, ಇರಲಿ. ಆದರೆ ದಾಟಿದವನು ಹೇಳಿದ್ದನ್ನಷ್ಟೇ ಕೇಳಿ ಹೊಳೆಯ ಆಳ ಅಳೆಯುವುದು ಎಷ್ಟು ಸರಿ? ಅವರ ಸಾಹಸವನ್ನು ಮೆಚ್ಚುವವರು, ಮುಂಬೈಯಲ್ಲಿ ಗಾಯಕನ ಹೊಟ್ಟೆ ತುಂಬಿಸುವಷ್ಟು ದೊಡ್ಡದಾಗಿ ಜಾಹೀರಾತು ಜಿಂಗಲ್‌ಗಳ ಮಾರುಕಟ್ಟೆ ಇತ್ತು ಎಂಬುದನ್ನು ಹೇಳುವುದಿಲ್ಲ.

ಹಸಿವಿನ ಕತೆ ಮುಚ್ಚಿಡುವ ಮುಖ್ಯ ಸಂಗತಿ ಸಂಬಳ. ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವತ್ಥ್, ಶಿಶುನಾಳ ಶರೀಫರನ್ನು ಮನೆಮನೆಗೆ ಮುಟ್ಟಿಸಿದವರು, 2005ರಲ್ಲಿ ಅರಮನೆ ಮೈದಾನವನ್ನು ‘ಕನ್ನಡವೇ ಸತ್ಯ’ಕ್ಕೆ ತುಂಬಿಸಿದವರು. ಅವರು 27 ವರ್ಷ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರಾಗಿದ್ದರು. ಸಂಗೀತದ ಬಹುಪಾಲು ಕೆಲಸ ಆ ನೌಕರಿಯ ಜೊತೆಜೊತೆಗೇ ನಡೆದದ್ದು. ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಶಿವಮೊಗ್ಗ ಸುಬ್ಬಣ್ಣ ಕರಿಕೋಟು ತೊಟ್ಟ ವಕೀಲರು. ‘ಮುಂಗಾರು ಮಳೆ’ಗೆ ಸಂಗೀತ ಕೊಟ್ಟ ಮನೋಮೂರ್ತಿ ಕ್ಯಾಲಿಫೋರ್ನಿಯಾದಲ್ಲಿ ತಂತ್ರಜ್ಞಾನ ಉದ್ಯಮಿ, ಅದಕ್ಕೆ ಹಾಡು ಬರೆದ ಗೋಕರ್ಣದ ಜಯಂತ ಕಾಯ್ಕಿಣಿ ವರ್ಷಾನುಗಟ್ಟಲೆ ಮುಂಬೈಯಲ್ಲಿ ಜೀವರಸಾಯನ ತಜ್ಞರಾಗಿ ದುಡಿದವರು. ಮೊದಲ ತಾರೀಕಿಗೆ ಸಂಬಳ ಬರುವ ಮನುಷ್ಯ ಕೆಟ್ಟ ಹಾಡನ್ನು ಬೇಡ ಎನ್ನಬಲ್ಲ, ಒಳ್ಳೆಯ ರಾಗಕ್ಕಾಗಿ ತಿಂಗಳುಗಟ್ಟಲೆ ಕಾಯಬಲ್ಲ. ಬಾಡಿಗೆಯ ಚಿಂತೆಯಲ್ಲಿರುವವನು ಯಾವುದಕ್ಕೂ ಇಲ್ಲವೆನ್ನಲಾರ. ‘ಕಲೆಗೆ ಪೂರ್ತಿ ಅರ್ಪಿಸಿಕೊಳ್ಳಬೇಕು, ಕೆಲಸ ಹಿಡಿದವನು ಅರೆಬರೆ’ ಎಂಬ ಮಾತನ್ನು ಅಶ್ವತ್ಥರ ಎದುರು ಆಡುವ ಧೈರ್ಯ ಯಾರಿಗಿತ್ತೋ ಕಾಣೆ.

ಹಾಗಾದರೆ ದೊಡ್ಡ ಊರು ಬೇಡವೇ ಬೇಡವೇ? ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಸಿನಿಮಾ ಸಂಗೀತ ಸ್ಟುಡಿಯೋ ಇದ್ದಲ್ಲಿ ಹುಟ್ಟುತ್ತದೆ. ಕನ್ನಡದ ಹಾಡುಗಳು ದಶಕಗಳ ಕಾಲ ಮದರಾಸಿನಲ್ಲಿ ಧ್ವನಿಮುದ್ರಣವಾಗುತ್ತಿದ್ದವು. ಮೈಸೂರಿನ ರಾಜನ್–ನಾಗೇಂದ್ರರೂ ಅಲ್ಲಿಗೆ ಎಡತಾಕಲೇ ಬೇಕಾಯಿತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಈ ಅಲೆದಾಟ ತಪ್ಪಿಸಲೆಂದೇ. ಆರ್ಕೆಸ್ಟ್ರೇಷನ್ ಕಲಿಯುವವನಿಗೆ, ಧ್ವನಿಮುದ್ರಣದ ಕಸುಬು ಹಿಡಿಯುವವನಿಗೆ, ವಾದ್ಯಗಾರರ ಒಡನಾಟ ಬೇಕಾದವನಿಗೆ ಬೆಂಗಳೂರು ಬೇಕು. ಹೋಗಲಿ. ಕೈಯಲ್ಲೊಂದು ಕೆಲಸ ಗೊತ್ತುಮಾಡಿಕೊಂಡು ಹೋಗಲಿ, ಕಲಿಸುವವರ ವಿಳಾಸ ಇಟ್ಟುಕೊಂಡು ಹೋಗಲಿ. ‘ಮೊದಲು ಬಾ, ಆಮೇಲೆ ನೋಡೋಣ’ ಎನ್ನುವ ಪರಿಚಯಸ್ಥನನ್ನು ಮಾತ್ರ ನಂಬದಿರಲಿ.

ಇತ್ತೀಚೆಗೆ ಇದಕ್ಕೆ ವಿರುದ್ಧದ ಇನ್ನೊಂದು ಮಾತೂ ಶುರುವಾಗಿದೆ: ಮೊಬೈಲ್ ಇದ್ದರೆ ಸಾಕು, ಎಲ್ಲಿಗೂ ಹೋಗಬೇಕಿಲ್ಲ. ನಿಪನಾಳದ ಮಾಳು ಅವರ ‘ನಾ ಡ್ರೈವರ’ ಹಾಡು ಬೆಳಗಾವಿಯ ಕಡೆಯ ಹಳ್ಳಿಯಿಂದ ಹೊರಟು ನಾಡಿನ ಮದುವೆ ಮೆರವಣಿಗೆಗಳನ್ನೆಲ್ಲ ಹೊಕ್ಕಿದ್ದನ್ನು ಇದಕ್ಕೆ ಸಾಕ್ಷಿ ಕೊಡುತ್ತಾರೆ. ಆ ಹಾಡು ಮೊಬೈಲಿನಿಂದ ಮಾತ್ರ ಬೆಳೆಯಲಿಲ್ಲ. ಉತ್ತರ ಕರ್ನಾಟಕದಲ್ಲಿ ಜಾನಪದ ಹಾಡುಗಳಿಗೆ ಅಲ್ಲಲ್ಲೇ ರೆಕಾರ್ಡಿಂಗ್ ಕೋಣೆಗಳಿವೆ, ಜಾತ್ರೆಗೆ ಕರೆಸಿ ದುಡ್ಡು ಕೊಡುವ ಊರುಗಳಿವೆ. ಬರೀ ಮೊಬೈಲ್ ನಂಬಿ ದುರ್ಗದ ಹುಡುಗ ಸಿನಿಮಾ ಹಾಡಿನ ಕವರ್ ಮಾಡಿ ಯೂಟ್ಯೂಬಿಗೆ ಹಾಕಿದರೆ ಅದರ ಜಾಹೀರಾತಿನ ಹಣ ಸಾಮಾನ್ಯವಾಗಿ ಹೋಗುವುದು ಹಾಡಿನ ಹಕ್ಕಿರುವ ಆಡಿಯೋ ಕಂಪನಿಗೆ.

ಊರಲ್ಲೇ ಉಳಿಯುವುದನ್ನು ರಮ್ಯವಾಗಿಸುವುದೂ ಬೇಡ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿ ಊರು ಬಿಟ್ಟವರಲ್ಲ. ಅಕ್ಷರ ಕಲಿಯದ ಆಕೆಯ ನಾಲಗೆಯಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಶ್ರದ್ಧೆಯಿಂದ ಬರೆದುಕೊಂಡು ಪ್ರಕಟಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು. ಗೌರವ ದೊಡ್ಡದೇ. ಆದರೆ ಜಿಲ್ಲೆಯ ಗಣೆ ಊದುವ ಜುಂಜಪ್ಪನ ಪದದವರನ್ನು, ತತ್ವಪದದವರನ್ನು, ಸೋಬಾನೆಯವರನ್ನು ಕೇಳಿ ನೋಡಿ, ಹಾಡು ಜೀವನೋಪಾಯ ಎಂದರೆ ನಗುತ್ತಾರೆ. ವಯಸ್ಸಾದ ಮೇಲೆ ಸರ್ಕಾರದ ಮಾಸಾಶನಕ್ಕೆ ಅರ್ಜಿ ಹಾಕುವುದೊಂದೇ ಅವರಿಗೆ ಗೊತ್ತಿರುವ ‘ಸಂಗೀತದ ಸಂಪಾದನೆ’.

ಇಷ್ಟಾಗಿಯೂ ಇದೇ ಜಿಲ್ಲೆಯಲ್ಲಿ ಉಲ್ಟಾ ವಲಸೆಯೊಂದು ವರ್ಷವರ್ಷವೂ ನಡೆಯುತ್ತಿದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ನಾಡಿನ ಬೇರೆಬೇರೆ ಜಿಲ್ಲೆಗಳ ಹುಡುಗ ಹುಡುಗಿಯರು ಚೀಲ ಹೊತ್ತು ಬರುತ್ತಾರೆ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಕಟ್ಟಿದ ಶಿವಸಂಚಾರ ಪ್ರತಿವರ್ಷ ಮೂರು ನಾಟಕ ಹೊತ್ತು ರಾಜ್ಯ ಸುತ್ತುತ್ತದೆ. ಹಾಡುವವರು, ಹಾರ್ಮೋನಿಯಂ ನುಡಿಸುವವರು, ತಬಲಾದವರು ನಟರೊಂದಿಗೇ ವ್ಯಾನಿನಲ್ಲಿ ಸಾಗುತ್ತಾರೆ. ಊಟ, ವಸತಿ, ತಿಂಗಳ ಸಂಭಾವನೆ. ಯಾವ ಮೆಟ್ರೊ ರೈಲೂ ಮುಟ್ಟದ ಹಳ್ಳಿಗೆ ಕಲಾವಿದರು ಬರುತ್ತಾರೆಂದರೆ ಅದಕ್ಕೆ ಬೇರೆ ಯಾವ ಕಾರಣವನ್ನು ಹುಡುಕಬೇಕು? ಇನ್ನು ಹಳ್ಳಿಗಳ ‘ಕುರುಕ್ಷೇತ್ರ’ ನಾಟಕಗಳ ಹಾರ್ಮೋನಿಯಂ ಮೇಷ್ಟ್ರುಗಳಿದ್ದಾರೆ. ಊರವರು ಪಾತ್ರಕ್ಕಿಷ್ಟು ಎಂದು ದುಡ್ಡು ಹಾಕಿ ಅವರನ್ನು ಕರೆಸುತ್ತಾರೆ; ಮೇಷ್ಟ್ರು ವಾರಗಟ್ಟಲೆ ಆ ಊರಲ್ಲೇ ತಂಗಿ ಕೃಷ್ಣನಿಗೂ ದುರ್ಯೋಧನನಿಗೂ ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ. ಸಂಗೀತದ ವೃತ್ತಿಯ ಮಾತು ಬಂದಾಗ ಯಾರ ಪಟ್ಟಿಯಲ್ಲೂ ಇವರ ಹೆಸರಿಲ್ಲ. ಸಂಗೀತದಿಂದಲೇ ಮನೆ ನಡೆಸುವವರು ಇವರಲ್ಲಿ ಇದ್ದಾರೆ, ‘ಬೆಂಗಳೂರಿನ ಗಾಯಕ’ರಲ್ಲಿ ಅನೇಕರಿಗೆ ಅದು ಆಗಿಲ್ಲ.

ಕೊನೆಗೆ ಬುದ್ಧಿಮಾತು ಹೇಳಿದ ಆ ಹಿರಿಯರ ಕಡೆಗೇ ತಿರುಗಬೇಕು. ಊರಿನ ಗಣಪತಿ ಸಮಿತಿಯಲ್ಲಿ, ಜಾತ್ರಾ ಸಮಿತಿಯಲ್ಲಿ, ಕನ್ನಡ ಸಂಘದಲ್ಲಿ ಕೂತವರೂ ಅವರೇ. ಬೆಂಗಳೂರಿನಿಂದ ಆರ್ಕೆಸ್ಟ್ರಾ ಕರೆಸುವಾಗ ಅಡ್ವಾನ್ಸು ಕೊಟ್ಟು, ಗಾಡಿ ಬಾಡಿಗೆ ಕೊಟ್ಟು, ಲಾಡ್ಜಿನಲ್ಲಿ ರೂಮು ಹಿಡಿಯುತ್ತಾರೆ. ಅದೇ ವೇದಿಕೆಯಲ್ಲಿ ಪ್ರಾರ್ಥನೆ ಹಾಡುವ ಊರ ಹುಡುಗನಿಗೆ ಶಾಲು, ಹಾರ, ಒಂದು ಹಣ್ಣಿನ ಬುಟ್ಟಿ. ಹುಡುಗ ಬೆಂಗಳೂರಿಗೆ ಹೋಗಿ ನಾಲ್ಕು ವರ್ಷ ಬಿಟ್ಟು ಅದೇ ಆರ್ಕೆಸ್ಟ್ರಾದ ವ್ಯಾನಿನಲ್ಲಿ ಬಂದಿಳಿದರೆ ಬ್ಯಾನರಿನಲ್ಲಿ ‘ಬೆಂಗಳೂರಿನ ಖ್ಯಾತ ಗಾಯಕ’. ಧ್ವನಿ ಅದೇ, ಹಾಡೂ ಬಹುಶಃ ಅದೇ. ಅವನು ಊರು ಬಿಟ್ಟದ್ದು ಅವಕಾಶವಿಲ್ಲದ್ದಕ್ಕೆ ಎನ್ನುತ್ತಾರೆ. ಅವಕಾಶದ ದುಡ್ಡು ಇಟ್ಟುಕೊಂಡವರು ಬೇರೆ ಯಾರೋ ಎಂಬಂತೆ.

ಚಿತ್ರದುರ್ಗ ಆಕಾಶವಾಣಿ 102.6ರಲ್ಲಿ ಹಾಡುವ ಕಲಾವಿದನಿಗೆ ಬಿ, ಬಿ ಹೈ, ಎ ಎಂದು ಶ್ರೇಣಿ ಇರುತ್ತದೆ. ಸಂಭಾವನೆ ನಿಗದಿಯಾಗುವುದು ಆ ಶ್ರೇಣಿ ನೋಡಿ. ಮೊತ್ತ ದೊಡ್ಡದಲ್ಲ, ಕರೆ ಬರುವುದೂ ವರ್ಷಕ್ಕೆ ಕೆಲವೇ ಸಲ. ಆದರೂ ಕಾಗದದ ಮೇಲೆ ಬರೆದಿಟ್ಟ ಒಂದು ದರ ಅಲ್ಲಿದೆ. ತ.ರಾ.ಸು. ರಂಗಮಂದಿರದಲ್ಲಿ ಕಾರ್ಯಕ್ರಮ ಮಾಡುವ ಸಂಘಗಳು, ಕಲ್ಯಾಣಮಂಟಪಗಳಲ್ಲಿ ರಿಸೆಪ್ಷನ್ ಇಡುವ ಮನೆಯವರು ಮುಂದಿನ ಗಣಪತಿ ಹಬ್ಬದೊಳಗೆ ಅಂಥದೇ ಒಂದು ದರವನ್ನು ಜಿಲ್ಲೆಯ ಗಾಯಕರಿಗೆ ಗೊತ್ತುಪಡಿಸಿ, ಶಾಲಿನ ಬದಲು ಚೆಕ್ ಕೊಡಲಿ. ಆಮೇಲೆ ಹುಡುಗ ಬೆಂಗಳೂರಿಗೆ ಹೋಗಬೇಕೋ ಬೇಡವೋ ಅವನೇ ಲೆಕ್ಕ ಹಾಕಿಕೊಳ್ಳುತ್ತಾನೆ.